ಎಲ್ಲಾದಕ್ಕೂ ನಾಕು ಹಾಕಿದ ಹುಡುಗ

ಮಂಡ್ಯ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ನಾನು ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡ್ತೀನಿ, ಗೆಸ್ಟ್ ಲೆಕ್ಚರರ್, ದಿನಾ ಮೈಸೂರಿಂದ ಓಡಾಟ. ಹೋದ ವರ್ಷ ಸೆಮಿಸ್ಟರ್ ಕೊನೇಲಿ ಫೈನಲ್ ಇಯರ್ ಮಕ್ಕಳನ್ನ ಕಂಪ್ಯೂಟರ್ ಲ್ಯಾಬಿಗೆ ಕರ್ಕೊಂಡು ಹೋಗಿ ಫೀಡ್‌ಬ್ಯಾಕ್ ಫಾರ್ಮ್ ತುಂಬಿಸೋ ಡ್ಯೂಟಿ ನಂಗೆ ಬಿತ್ತು. ಕಾಲೇಜುಗಳ ಗುಣಮಟ್ಟ ಅಳೆಯೋ ನ್ಯಾಕ್‌ನವರ ಸ್ಟೂಡೆಂಟ್ ಸ್ಯಾಟಿಸ್‌ಫ್ಯಾಕ್ಷನ್ ಸರ್ವೇ ಇದ್ಯಲ್ಲ, ಅದರ 21 ಪ್ರಶ್ನೆನೇ ಇಟ್ಕೊಂಡು ಕಾಲೇಜು ತಾನೇ ಮಾಡಿಸೋ ಫಾರ್ಮ್ ಅದು. ಸಿಲಬಸ್ ಎಷ್ಟು ಮುಗೀತು, ಮೇಷ್ಟ್ರು ತಯಾರಾಗಿ ಬರ್ತಾರಾ, ಇಂಟರ್ನಲ್ಸ್ ಮಾರ್ಕ್ಸ್ ನ್ಯಾಯವಾಗಿ ಕೊಡ್ತಾರಾ, ಹೀಗೆ 20 ಪ್ರಶ್ನೆಗೆ ಸೊನ್ನೆಯಿಂದ ನಾಲ್ಕರ ತನಕ ಒಂದು ಅಂಕಿ ಆರಿಸ್ಬೇಕು, 21ನೇದಕ್ಕೆ ಮಾತ್ರ ಕೈಯಾರೆ ಮೂರು ಸಲಹೆ ಬರೀಬೇಕು.

ಎರಡನೇ ಸಾಲಲ್ಲಿ ಕೂತಿದ್ದ ಒಬ್ಬ ಹುಡುಗ ಟಕ ಟಕ ಅಂತ ಎಲ್ಲಾದಕ್ಕೂ ನಾಲ್ಕು ಒತ್ಕೊಂಡು ಬಂದ, ಎರಡು ನಿಮಿಷನೂ ಆಗಿರ್ಲಿಲ್ಲ. "ಓದಿದ್ಯೇನಪ್ಪಾ ಪ್ರಶ್ನೆನಾ?" ಅಂದೆ. "ಓದೋದೇನ್ ಮೇಡಂ, ಎಲ್ಲಾದ್ಕೂ ನಾಕೇ ಹಾಕಿವ್ನಿ, ನಿಮ್ಗೇನೂ ತೊಂದ್ರೆ ಆಗ್ಬಾರ್ದು ಅಂತ" ಅಂದ, ಪ್ರೀತಿಯಿಂದಾನೇ ಅಂದ. ಆದ್ರೆ 21ನೇ ಪ್ರಶ್ನೆಗೆ ಬಂದಾಗ ಕೈ ನಿಂತೋಯ್ತು. ಆಮೇಲೆ ಕೀಬೋರ್ಡಲ್ಲಿ ಒಂದೊಂದೇ ಅಕ್ಷರ ಹುಡುಕ್ಕೊಂಡು ಹತ್ತು ನಿಮಿಷ ಕೂತು ಟೈಪ್ ಮಾಡ್ದ, ಮುಗಿದ್ಮೇಲೆ ಅವನೇ ನನ್ನ ಕರೆದು ತೋರಿಸ್ದ. ಅವನೂರಿಂದ ಬೆಳಿಗ್ಗೆ ಇರೋದು ಒಂದೇ ಬಸ್ಸು, ಅದು ಮಂಡ್ಯ ಸ್ಟ್ಯಾಂಡಿಗೆ ಬರೋದು 9:50ಕ್ಕೆ, ಫಸ್ಟ್ ಪೀರಿಯಡ್ ಶುರುವಾಗೋದು 9:30ಕ್ಕೆ, ಅಟೆಂಡೆನ್ಸ್ ಮೊದಲ ಐದು ನಿಮಿಷದಲ್ಲೇ ಮುಗಿದು ಹೋಗುತ್ತೆ, ಮೂರು ವರ್ಷದಿಂದ ಹೀಗೇ ನಡೀತಿದೆ.

ಮುಂದೆ ರಿಪೋರ್ಟಿಗೆ ಹೋಗಿದ್ದು ಆ ನಾಲ್ಕುಗಳ ಸರಾಸರಿ. ಬಸ್ಸಿನ ಮಾತು ಯಾವ ಪೈ ಚಾರ್ಟಲ್ಲೂ ಬರ್ಲಿಲ್ಲ. ಅವತ್ತಿಂದ ಈ ಸರ್ವೇಗಳ ವಿಷಯ ನನ್ನ ತಲೇಲಿ ಕೊರೀತಾನೇ ಇದೆ, ಸಿಕ್ಕಿದ್ದನ್ನೆಲ್ಲಾ ಓದ್ತಾ ಇದೀನಿ, ಓದ್ತಾ ಓದ್ತಾ ನಂಗೆ ಗಟ್ಟಿಯಾಗಿ ಅನ್ಸಿದ್ದು ಇಷ್ಟು: "ಖುಷಿಯಾಗಿದೀಯಾ" ಅಂತ ಕೇಳಿದ್ರೆ ಮಕ್ಕಳಿಂದ ಸಿಗೋದು ಮರ್ಯಾದೆಯ ಉತ್ತರ, "ನಿಂಗೆ ಏನಾಯ್ತು, ಎಷ್ಟು ಸಲ ಆಯ್ತು" ಅಂತ ಕೇಳಿದ್ರೆ ಸಿಗೋದು ನಿಜವಾದ ಉತ್ತರ.

ಈ ಒಪ್ತೀನಿ, ಒಪ್ಪಲ್ಲ ಅಂತ ಮೆಟ್ಟಿಲು ಮೆಟ್ಟಿಲಾಗಿ ಉತ್ತರ ಕೊಡೋ ಪದ್ಧತಿ ಶುರುವಾಗಿದ್ದು 1932ರಲ್ಲಿ, ರೆನ್ಸಿಸ್ ಲಿಕರ್ಟ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞನಿಂದ. ಒಳ್ಳೇ ಸಾಧನ ಅದು, ಬೇಡ ಅನ್ನಲ್ಲ. ತೊಂದ್ರೆ ಶುರುವಾಗೋದು ಆ ಅಂಕಿಗಳನ್ನ ತೂಕ, ಎತ್ತರದ ಥರ ನಂಬಿ ಸರಾಸರಿ ತೆಗೆದಾಗ. ಒಂದು ಕ್ಲಾಸಲ್ಲಿ ಎಲ್ಲರೂ 2 ಹಾಕಿದ್ರು ಅಂದ್ಕೊಳ್ಳಿ, ಪಕ್ಕದ ಕ್ಲಾಸಲ್ಲಿ ಅರ್ಧ ಜನ 4, ಇನ್ನರ್ಧ ಜನ ಸೊನ್ನೆ. ಎರಡರ ಸರಾಸರಿನೂ 2. ಮೊದಲನೇ ಕ್ಲಾಸು ಸಪ್ಪೆಯಾಗಿದೆ, ಎರಡನೇದರಲ್ಲಿ ಅರ್ಧ ಮಕ್ಕಳು ಮುಳುಗ್ತಾ ಇದಾರೆ, ಸರಾಸರಿ ನೋಡಿದೋರಿಗೆ ಎರಡೂ ಒಂದೇ.

ಇನ್ನು ಉತ್ತರಗಳು ಎಷ್ಟು ಸುಲಭಕ್ಕೆ ಅಲ್ಲಾಡ್ತಾವೆ ಅಂತ ಗೊತ್ತಾದ್ರೆ ಗಾಬರಿಯಾಗುತ್ತೆ. ಜರ್ಮನಿಯ ಮ್ಯೂನ್‌ಸ್ಟರ್ ಯೂನಿವರ್ಸಿಟಿಲಿ ನೂರಕ್ಕೂ ಹೆಚ್ಚು ಮೆಡಿಕಲ್ ವಿದ್ಯಾರ್ಥಿಗಳನ್ನ 20 ಗುಂಪು ಮಾಡಿ, ಅರ್ಧ ಗುಂಪುಗಳಿಗೆ ಪಾಠದ ಜೊತೆ ಚಾಕೊಲೇಟ್ ಬಿಸ್ಕೆಟ್ ಇಟ್ರು, ಇನ್ನರ್ಧಕ್ಕೆ ಇಲ್ಲ. ಪಾಠ ಅದೇ, ವಿಷಯ ಅದೇ. 2018ರಲ್ಲಿ ಬಂದ ಆ ಅಧ್ಯಯನದ ಪ್ರಕಾರ ಬಿಸ್ಕೆಟ್ ತಿಂದ ಗುಂಪಿನೋರು ಟೀಚರ್‌ಗೂ ಜಾಸ್ತಿ ಮಾರ್ಕ್ಸ್ ಕೊಟ್ರು, ಸ್ಟಡಿ ಮೆಟೀರಿಯಲ್‌ಗೂ ಜಾಸ್ತಿ ಕೊಟ್ರು. ಪ್ರಶ್ನೆಗಳ ಕ್ರಮ ಬದಲಾಯಿಸಿದ್ರೂ ಹಿಂಗೇ ಆಗುತ್ತೆ. ಕಾಲೇಜು ಹುಡುಗರ ಮೇಲೆ ಮಾಡಿ 1988ರಲ್ಲಿ ಪ್ರಕಟ ಮಾಡಿದ ಒಂದು ಪ್ರಯೋಗ ಇದೆ, ಜೀವನ ಎಷ್ಟು ಖುಷಿಯಾಗಿದೆ ಅಂತ ಮೊದಲು ಕೇಳಿ ಆಮೇಲೆ ಡೇಟಿಂಗ್ ಬಗ್ಗೆ ಕೇಳಿದ್ರೆ ಎರಡು ಉತ್ತರಕ್ಕೂ ಹೆಚ್ಚೂಕಮ್ಮಿ ಸಂಬಂಧವೇ ಇರ್ಲಿಲ್ಲ, ಡೇಟಿಂಗ್ ಪ್ರಶ್ನೆ ಮುಂದಕ್ಕೆ ಹಾಕಿದ ತಕ್ಷಣ ಎರಡೂ ಗಟ್ಟಿಯಾಗಿ ಅಂಟ್ಕೊಂಡ್ವು. ಮನಸ್ಸಿಗೆ ಈಗ ತಾನೇ ಬಂದದ್ದೇ ಇಡೀ ಜೀವನದ ಬಣ್ಣ ಆಗ್ಬಿಡುತ್ತೆ. ನಮ್ಮ ಲ್ಯಾಬಲ್ಲಿ ಮಕ್ಕಳ ಬೆನ್ನ ಹಿಂದೆ ನಾನೇ ನಿಂತಿದ್ದೆ, ಅದಕ್ಕೆ ಹೋಲಿಸಿದ್ರೆ ಬಿಸ್ಕೆಟ್ ಎಷ್ಟೋ ವಾಸಿ.

ಆದ್ರೆ ಇದಕ್ಕಿಂತ ನನ್ನ ಹೆಚ್ಚು ಕಾಡಿದ್ದು ಬೇರೆ ವಿಷಯ. ತೃಪ್ತಿಗೂ ಕಲಿಕೆಗೂ ಸಂಬಂಧ ಇದ್ಯಾ ಅನ್ನೋದು. ಇರ್ಲೇಬೇಕು ಅಂತ ನಾನೂ ನಂಬಿದ್ದೆ. 2019ರಲ್ಲಿ ಹಾರ್ವರ್ಡ್‌ನ ಫಿಸಿಕ್ಸ್ ಕ್ಲಾಸಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. ಕೆಲವು ಮಕ್ಕಳಿಗೆ ನೀಟಾಗಿ, ನಿರರ್ಗಳವಾಗಿ ಲೆಕ್ಚರ್ ಕೊಟ್ರು, ಇನ್ನು ಕೆಲವರಿಗೆ ಅದೇ ವಿಷಯನ ಗುಂಪಲ್ಲಿ ಕೂರಿಸಿ ಲೆಕ್ಕ ಬಿಡಿಸೋಕೆ ಹಚ್ಚಿ, ತಡವರಿಸಲಿ ಅಂತ ಬಿಟ್ಟು ಕಲಿಸಿದ್ರು. ಟೆಸ್ಟ್ ಕೊಟ್ಟಾಗ ಎರಡನೇ ಗುಂಪು ಮುಂದೆ, ಆದ್ರೆ "ನಾನು ಚೆನ್ನಾಗಿ ಕಲಿತೆ" ಅಂತ ಹೆಚ್ಚಾಗಿ ಹೇಳಿದ್ದು ಮೊದಲನೇ ಗುಂಪು! ತಡವರಿಸೋದು ಕಲಿಕೆ ಅಂತ ಆ ಹೊತ್ತಲ್ಲಿ ಯಾರಿಗೂ ಅನ್ಸಲ್ಲ, ನಂಗೆ ಬರ್ತಿಲ್ಲ ಅಂತಲೇ ಅನ್ಸೋದು.

ಅಮೆರಿಕದ ಏರ್‌ಫೋರ್ಸ್ ಅಕಾಡೆಮಿಲಿ ಸ್ಕಾಟ್ ಕ್ಯಾರೆಲ್, ಜೇಮ್ಸ್ ವೆಸ್ಟ್ ಅನ್ನೋರು ಇನ್ನೂ ಆಳಕ್ಕಿಳಿದು ನೋಡಿದ್ರು, 2010ರಲ್ಲಿ ಪ್ರಕಟ ಮಾಡಿದ್ರು. ಅಲ್ಲಿ ಯಾವ ವಿದ್ಯಾರ್ಥಿ ಯಾವ ಮೇಷ್ಟ್ರ ಸೆಕ್ಷನ್‌ಗೆ ಹೋಗ್ತಾನೆ ಅನ್ನೋದು ಚೀಟಿ ಎತ್ತಿದ ಹಾಗೆ, ಒಂದು ಕೋರ್ಸಿನ ಎಲ್ಲರಿಗೂ ಒಂದೇ ಪರೀಕ್ಷೆ, ಹಂಗಾಗಿ ಹೋಲಿಕೆ ಮಾಡೋದು ಸುಲಭ. ಈ ಕೋರ್ಸಲ್ಲಿ ಒಳ್ಳೇ ಮಾರ್ಕ್ಸ್ ಬರೋ ಹಾಗೆ ಮಾಡಿದ ಮೇಷ್ಟ್ರಿಗೆ ಫೀಡ್‌ಬ್ಯಾಕಲ್ಲೂ ಒಳ್ಳೇ ರೇಟಿಂಗ್ ಬಂದಿತ್ತು, ಆದ್ರೆ ಅದರ ಮುಂದಿನ ಕೋರ್ಸಲ್ಲಿ ಚೆನ್ನಾಗಿ ಮಾಡಿದ್ದು ಬೇರೆ ಮೇಷ್ಟ್ರ ಮಕ್ಕಳು, ರೇಟಿಂಗ್ ಕಮ್ಮಿ ಬಂದಿದ್ದ ಅನುಭವಸ್ಥರ ಮಕ್ಕಳು. ನಮ್ಮಲ್ಲಿ ಇಂಪಾರ್ಟೆಂಟ್ ಕ್ವೆಶ್ಚನ್ಸ್ ಬರೆಸೋ ಮೇಷ್ಟ್ರನ್ನೂ ಮೂಲದಿಂದ ಹೇಳ್ಕೊಡೋ ಮೇಷ್ಟ್ರನ್ನೂ ಕಂಡಿರೋರಿಗೆ ಇದು ಥಟ್ ಅಂತ ಅರ್ಥ ಆಗುತ್ತೆ.

ಹಂಗಂತ ಸರ್ವೇನೇ ದಂಡ ಅನ್ನೋದನ್ನ ನಾನು ಒಪ್ಪಲ್ಲ. ಮಕ್ಕಳನ್ನ ಕೇಳದೇ ಇದ್ರೆ ಇನ್ಯಾರನ್ನ ಕೇಳ್ತೀರಾ? 2021-22ರ ಲೆಕ್ಕದಲ್ಲಿ ನಮ್ಮ ದೇಶದ ಉನ್ನತ ಶಿಕ್ಷಣದಲ್ಲಿ 4.33 ಕೋಟಿ ವಿದ್ಯಾರ್ಥಿಗಳಿದ್ರು, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಡಿಗ್ರಿ ಓದೋರೇ. ಇಷ್ಟು ಜನರ ಮೂರು ವರ್ಷ ಹೆಂಗೆ ಕಳೀತು ಅಂತ ತಿಳ್ಕೊಳ್ಳೋಕೆ ಕೇಳಲೇಬೇಕು, ಕೇಳೋ ರೀತಿ ಬದಲಾಗ್ಬೇಕು ಅಷ್ಟೇ.

ಬ್ರಿಟನ್ನಿನಲ್ಲಿ 2005ರಿಂದ ನ್ಯಾಷನಲ್ ಸ್ಟೂಡೆಂಟ್ ಸರ್ವೇ ನಡೀತಿದೆ, ಕೊನೇ ವರ್ಷದ ಡಿಗ್ರಿ ಮಕ್ಕಳಿಗೆ. ವರ್ಷ ವರ್ಷವೂ ಅಲ್ಲಿ ಮಕ್ಕಳು ಅಸಮಾಧಾನ ತೋರಿಸಿರೋ ಜಾಗ ಒಂದು ಇದೆ, ಮೌಲ್ಯಮಾಪನ ಮತ್ತು ಫೀಡ್‌ಬ್ಯಾಕ್. ಪಾಠ ಚೆನ್ನಾಗಿದೆ ಅಂತಾರೆ, ಬರೆದುಕೊಟ್ಟ ಅಸೈನ್‌ಮೆಂಟ್ ತಿದ್ದಿ ಯಾವಾಗ ವಾಪಸ್ ಬರುತ್ತೆ, ತಪ್ಪು ಎಲ್ಲಿ ಅಂತ ಯಾರು ಹೇಳ್ತಾರೆ ಅಂದ್ರೆ ಮುಖ ಸಪ್ಪಗಾಗುತ್ತೆ. 2023ರಲ್ಲಿ ಅವರು ಫಾರ್ಮನ್ನೇ ಬದಲಾಯಿಸಿದ್ರು, ಒಪ್ತೀರಾ ಇಲ್ವಾ ಅನ್ನೋದು ಬಿಟ್ಟು "ಫೀಡ್‌ಬ್ಯಾಕಿಂದ ನಿಮ್ಮ ಕೆಲಸ ಎಷ್ಟು ಸಲ ಸುಧಾರಿಸ್ತು" ಅನ್ನೋ ಥರದ ನೇರ ಪ್ರಶ್ನೆ ಹಾಕಿದ್ರು, ಒಟ್ಟಾರೆ ತೃಪ್ತಿ ಇದ್ಯಾ ಅನ್ನೋ ಹಳೇ ಪ್ರಶ್ನೆನ ಇಂಗ್ಲೆಂಡಿನ ಫಾರ್ಮಿಂದ ತೆಗೆದೇ ಹಾಕಿದ್ರು.

ನಮ್ಮ ನ್ಯಾಕ್ ಫಾರ್ಮಲ್ಲೂ ಅಂಥ ಒಂದು ಪ್ರಶ್ನೆ ಇದೆ, ಆರನೇದು: ಅಸೈನ್‌ಮೆಂಟಲ್ಲಿ ನೀವು ಹೇಗೆ ಮಾಡಿದ್ರಿ ಅಂತ ನಿಮ್ಮ ಜೊತೆ ಚರ್ಚೆ ಮಾಡಿದ್ರಾ? ಪ್ರತಿ ಸಲ, ಸಾಮಾನ್ಯವಾಗಿ, ಆಗಾಗ, ಅಪರೂಪಕ್ಕೆ, ಇಲ್ಲವೇ ಇಲ್ಲ. ನನ್ನ ಪ್ರಕಾರ ಆ 21ರಲ್ಲಿ ಇದು ಚಿನ್ನದಂಥ ಪ್ರಶ್ನೆ. ನಾನು ಇದನ್ನೇ ಕ್ಲಾಸಲ್ಲಿ ಬಾಯ್ಮಾತಲ್ಲಿ ಕೇಳ್ದೆ, ಇಡೀ ಕ್ಲಾಸು ಸುಮ್ನಾಯ್ತು, ಆಮೇಲೆ ಒಂದು ಹುಡುಗಿ ಬ್ಯಾಗಿಂದ ತನ್ನ ಇಂಟರ್ನಲ್ಸ್ ಬ್ಲೂ ಬುಕ್ ತೆಗೆದು ತೋರಿಸಿದ್ಲು. ಒಳಗೆಲ್ಲಾ ಕೆಂಪು ಇಂಕಲ್ಲಿ ಟಿಕ್ಕು, ಮುಖಪುಟದಲ್ಲಿ 14, ಕೆಳಗೊಂದು ಸಹಿ. ಒಂದೇ ಒಂದು ಪದ ಇಲ್ಲ. ಆ ಸಹಿ ನಂದೇ.

ಅಮೆರಿಕದಲ್ಲಿ 2000ದಿಂದ ನಡೀತಿರೋ ನೆಸ್ಸಿ ಅನ್ನೋ ಸರ್ವೇ, ಇಂಡಿಯಾನಾ ಯೂನಿವರ್ಸಿಟಿದು, ತೃಪ್ತಿಗಿಂತ ದಿನಚರಿನ ಹೆಚ್ಚು ಕೇಳುತ್ತೆ. ಒಂದು ವಾರದಲ್ಲಿ ಓದೋಕೆ ಎಷ್ಟು ಗಂಟೆ, ಸಂಬಳಕ್ಕೆ ದುಡಿಯೋಕೆ ಎಷ್ಟು, ಮನೇಲಿ ನೋಡ್ಕೊಳ್ಳಬೇಕಾದೋರಿಗೆ ಎಷ್ಟು, ಕಾಲೇಜಿಗೆ ಓಡಾಡೋಕೆ ಎಷ್ಟು. ಇದನ್ನ ಓದಿದಾಗ ನಂಗೆ ನಮ್ಮ ಹುಡುಗನ ಬಸ್ಸೇ ಕಣ್ಮುಂದೆ ಬಂತು. ಮದ್ದೂರು, ಪಾಂಡವಪುರ, ಕೆ.ಆರ್.ಪೇಟೆ ಕಡೆಯಿಂದ ದಿನಾ ಬರೋ ಮಕ್ಕಳಿಗೆ ಈ ಗಂಟೆಗಳ ಲೆಕ್ಕ ಕೇಳಿದ್ರೆ ಹೇಳೋಕೆ ಎಷ್ಟಿದೆ! ಮನೇಲಿ ಹಸು ಹಾಲು ಕರೆದು ಡೈರಿಗೆ ಹಾಕಿ ಬರೋರಿದಾರೆ, ಸಂಜೆ ಅಂಗಡಿ ಕೆಲಸಕ್ಕೆ ಹೋಗೋರಿದಾರೆ. ಜೂನ್ 2023ರಲ್ಲಿ ಶಕ್ತಿ ಯೋಜನೆ ಬಂದಾಗಿಂದ ಹೆಣ್ಮಕ್ಕಳಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿನ ಚಿಂತೆ ತಪ್ಪಿದೆ, ಅದು ದೊಡ್ಡ ವಿಷಯ, ಆದ್ರೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತೆ ಅನ್ನೋದು ಬೇರೆ ಪ್ರಶ್ನೆ. ನ್ಯಾಕ್‌ದು ಪಾಠ, ಕಲಿಕೆ ಬಗ್ಗೆ ಇರೋ ಫಾರ್ಮು, ಅದರಲ್ಲಿ ಬಸ್ಸಿಗೆ ಜಾಗ ಇಲ್ಲ. ಆದ್ರೆ ನಮ್ಮ ಮಕ್ಕಳ ಕಲಿಕೆ ಅರ್ಧ ನಿಂತಿರೋದೇ ಬಸ್ಸಿನ ಮೇಲೆ.

ಸರ್ವೇಲಿ ಸಿಗದೇ ಇರೋರು ಇನ್ನೊಬ್ಬರಿದಾರೆ, ಕಾಲೇಜು ಬಿಟ್ಟು ಹೋದೋರು. ಬಸ್ ಹತ್ತಿ ಸೀಟ್ ಸಿಕ್ಕಿದೋರನ್ನ ಮಾತ್ರ ಬಸ್ ಹೆಂಗಿದೆ ಅಂತ ಕೇಳಿದ ಹಾಗೆ ಇದು, ಕೈ ಅಡ್ಡ ಹಾಕಿದ್ರೂ ನಿಲ್ಲಿಸದೇ ಹೋದ ಸ್ಟಾಪಲ್ಲಿ ನಿಂತೋರನ್ನ ಯಾರೂ ಕೇಳಲ್ಲ. ಕೊನೇ ವರ್ಷದೋರನ್ನೇ ಕೇಳಿದ್ರೆ ಉಳಿದೋರ ಮಾತಷ್ಟೇ ಬರುತ್ತೆ. ವಿನ್ಸೆಂಟ್ ಟಿಂಟೋ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ 1975ರಿಂದಲೇ ಮಕ್ಕಳು ಯಾಕೆ ಬಿಡ್ತಾರೆ ಅಂತ ಹುಡುಕಿಕೊಂಡು ಹೋದೋರು. ಅವರು ಹೇಳಿದ್ದು, ಮಾರ್ಕ್ಸ್ ಒಂದೇ ಕಾರಣ ಅಲ್ಲ, ಗೆಳೆಯರ ಜೊತೆ, ಮೇಷ್ಟ್ರ ಜೊತೆ ಬೆರೆತು ಇದು ನನ್ನ ಜಾಗ ಅನ್ನಿಸದೇ ಇದ್ರೆ ಓದೋ ಮಗುನೂ ಬಿಟ್ಟು ಹೋಗುತ್ತೆ ಅಂತ. 2014ರಲ್ಲಿ ಗ್ಯಾಲಪ್ ಮತ್ತು ಪರ್ಡ್ಯೂ ಯೂನಿವರ್ಸಿಟಿ ಸೇರಿ 30,000ಕ್ಕೂ ಹೆಚ್ಚು ಪದವೀಧರರನ್ನ ಕೇಳಿದಾಗಲೂ ಇದೇ ದಾರಿ ಕಾಣ್ತು. ನನ್ನ ಬಗ್ಗೆ ಕಾಳಜಿ ಇದ್ದ, ಕಲಿಯೋಕೆ ಹುರುಪು ತುಂಬಿದ, ನನ್ನ ಕನಸಿಗೆ ಬೆನ್ನು ತಟ್ಟಿದ ಮೇಷ್ಟ್ರು ಸಿಕ್ಕಿದ್ರು ಅಂತ ಮೂರಕ್ಕೂ ಖಂಡಿತ ಹೌದು ಅಂದೋರು ಬರೀ 14 ಪರ್ಸೆಂಟ್, ಆದ್ರೆ ಅವರು ಮುಂದೆ ಕೆಲಸದಲ್ಲಿ ಮನಸ್ಸಿಟ್ಟು ತೊಡಗಿಸಿಕೊಳ್ಳೋ ಸಾಧ್ಯತೆ ಎರಡು ಪಟ್ಟು ಇತ್ತು.

ನಂಗೆ ತುಂಬಾ ಇಷ್ಟವಾದ ಪ್ರಯೋಗ ಗ್ರೆಗರಿ ವಾಲ್ಟನ್, ಜೆಫ್ರಿ ಕೋಹೆನ್ ಅನ್ನೋರದ್ದು, 2011ರಲ್ಲಿ ಸೈನ್ಸ್ ಪತ್ರಿಕೆಲಿ ಬಂತು. ಇಲ್ಲಿ ಸರ್ವೇನೇ ಔಷಧಿ. ಫಸ್ಟ್ ಇಯರ್ ಮಕ್ಕಳಿಗೆ ಸೀನಿಯರ್‌ಗಳ ಸರ್ವೇ ಉತ್ತರ ಅಂತ ಒಂದಿಷ್ಟು ಓದಿಸಿದ್ರು, ಶುರುವಲ್ಲಿ ನಮಗೂ ಇಲ್ಲಿಗೆ ಸೇರಿದೋರಲ್ಲ ಅನ್ನೋ ಭಯ ಇತ್ತು, ಬರ್ತಾ ಬರ್ತಾ ಹೋಯ್ತು ಅಂತ ಅದರಲ್ಲಿತ್ತು. ಆಮೇಲೆ ಆ ಮಕ್ಕಳ ಕೈಲೇ ಅದರ ಬಗ್ಗೆ ಬರೆಸಿ, ಮುಂದೆ ಬರೋ ಹೊಸಬರಿಗೆ ಅಂತ ಹೇಳಿಸಿ ವಿಡಿಯೋ ಮಾಡಿಸಿದ್ರು. ಒಟ್ಟು ಒಂದು ಗಂಟೆ ಕೆಲಸ. ಮೂರು ವರ್ಷ ಬಿಟ್ಟು ನೋಡಿದ್ರೆ ಕಪ್ಪು ವರ್ಣದ ವಿದ್ಯಾರ್ಥಿಗಳ ಗ್ರೇಡು ಮೇಲಕ್ಕೆ ಬಂದು, ಬಿಳಿಯರ ಜೊತೆ ಇದ್ದ ಅಂತರ ಅರ್ಧಕ್ಕೆ ಇಳಿದಿತ್ತು.

ಈ ವರ್ಷ ಜೂನಿಯರ್‌ಗಳು ಬಂದಾಗ ನಾನೂ ಫೈನಲ್ ಇಯರ್ ಮಕ್ಕಳಿಗೆ ಅರ್ಧ ಹಾಳೆ ಚೀಟಿ ಕೊಟ್ಟು, ಫಸ್ಟ್ ಸೆಮ್ಮಲ್ಲಿ ಏನು ಭಯ ಇತ್ತು ಬರೀರಿ, ಹೆಸರು ಬೇಡ ಅಂದೆ. "ಇಂಗ್ಲಿಷಲ್ಲಿ ಪಾಠ ಮಾಡಿದ್ರೆ ತಲೆ ಎತ್ತುತ್ತಲೇ ಇರ್ಲಿಲ್ಲ." "ಕ್ಯಾಂಟೀನಿಗೆ ಒಬ್ಳೇ ಹೋಗೋಕೆ ನಾಚ್ಕೆ ಆಗಿ ಮೂರು ತಿಂಗಳು ಮಧ್ಯಾಹ್ನ ಊಟ ಮಾಡ್ಲಿಲ್ಲ." ನಲವತ್ತು ಚೀಟಿ ಬಂತು, ಜೂನಿಯರ್ ಕ್ಲಾಸಲ್ಲಿ ಒಂದೊಂದೇ ಓದಿದೆ. ಊಟದ ಚೀಟಿ ಓದಿದಾಗ ಹಿಂದಿನ ಬೆಂಚಿನ ಒಂದು ಹುಡುಗಿ "ಮೇಡಂ, ಇನ್ನೊಂದ್ಸಲ ಓದಿ" ಅಂದ್ಲು.

9:30ರ ಟೈಮ್ ಟೇಬಲ್ ಇನ್ನೂ ಹಾಗೇ ಇದೆ. ಆದ್ರೆ ಅವತ್ತು ಲ್ಯಾಬಿಂದ ಬಂದ್ಮೇಲೆ ಆ ಹುಡುಗನ ಸೆಮಿಸ್ಟರಲ್ಲಿ ಉಳಿದಿದ್ದ ಅಷ್ಟೂ ಕ್ಲಾಸಲ್ಲಿ ನನ್ನ ಪೀರಿಯಡ್ ಅಟೆಂಡೆನ್ಸ್ ನಾನು ಕೊನೇಲಿ ತಗೊಂಡೆ, ಈಗಲೂ ಹಾಗೇ ಮಾಡ್ತೀನಿ. ಹತ್ತು ಗಂಟೆ ಹೊತ್ತಿಗೆ ಅವನು ಉಸಿರು ಬಿಡ್ತಾ ಬಾಗಿಲಿಗೆ ಬರ್ತಿದ್ದ, ಜೊತೆಗೆ ಅದೇ ಬಸ್ಸಿನ ಇನ್ನೂ ನಾಲ್ಕು ಜನ. ಅವರೂ ಅದೇ ಬಸ್ಸಿಗೆ ಬರ್ತಾರೆ ಅಂತ ಅಲ್ಲೀವರೆಗೂ ನಂಗೆ ಗೊತ್ತೇ ಇರ್ಲಿಲ್ಲ.