ಅಂಗಡಿಗೆ ಹೋಗಿ ಹಿಂದಿರುಗಿದ ಶಾರ್ಕ್ ಚಿತ್ರ

ಶಾರ್ಕ್ ಚಿತ್ರವೊಂದು ಚಿತ್ರಮಂದಿರದ ಮುಖ ನೋಡದೆ ನೇರವಾಗಿ ಡಿವಿಡಿಯಲ್ಲಿ ಬಂದರೆ ಅದನ್ನು ಕಳಪೆಯೆಂದು ತೀರ್ಮಾನಿಸುವುದು ಪ್ರೇಕ್ಷಕರಲ್ಲಿ ಬೇರೂರಿದ ಅಭ್ಯಾಸ. ಈ ಅಭ್ಯಾಸಕ್ಕೆ ಕಾರಣಗಳಿಲ್ಲವೆಂದಲ್ಲ. 1975ರ ‘ಜಾಸ್’ ಬೇಸಿಗೆಯ ಭಾರೀ ಬಿಡುಗಡೆಗೆ ಮಾದರಿಯಾಯಿತು, 1978ರ ಕೊನೆಯಲ್ಲಿ ಅಮೆರಿಕದಲ್ಲಿ ಡಿವಿಡಿಗಿಂತ ಹಿಂದಿನ ಚಿತ್ರತಟ್ಟೆಯಾದ ಲೇಸರ್ ಡಿಸ್ಕ್‌ನ ಮಾರಾಟ ಆರಂಭವಾದಾಗ ಅದರ ಮೊದಲ ಚಿತ್ರಗಳ ಸಾಲಿನಲ್ಲೂ ನಿಂತಿತು. 1999ರಲ್ಲಿ ‘ಡೀಪ್ ಬ್ಲೂ ಸೀ’ ಚಿತ್ರಮಂದಿರಗಳಲ್ಲಿ ಓಡಿತು, ಆದರೆ 2018 ಮತ್ತು 2020ರ ಅದರ ಮುಂದುವರಿಕೆಗಳು ಮನೆಯ ಪರದೆಗಷ್ಟೇ ತಯಾರಾದವು.

ಈ ಎರಡು ದಾರಿಗಳ ನಡುವೆ ಸಿಲುಕಿದ್ದು ಜೊಹಾನ್ಸ್ ರಾಬರ್ಟ್ಸ್ ನಿರ್ದೇಶನದ ‘47 ಮೀಟರ್ಸ್ ಡೌನ್’. ಮೆಕ್ಸಿಕೊ ಪ್ರವಾಸದಲ್ಲಿರುವ ಅಕ್ಕತಂಗಿಯರು ಶಾರ್ಕ್ ನೋಡಲೆಂದು ಪಂಜರದೊಳಗೆ ಕುಳಿತು ನೀರಿಗಿಳಿದಾಗ, ಎತ್ತುಯಂತ್ರ ಕೈಕೊಟ್ಟು ಪಂಜರ ಸಮುದ್ರದ ತಳ ಸೇರುತ್ತದೆ. ಸಿಲಿಂಡರಿನ ಗಾಳಿ ಕರಗುತ್ತಿದೆ, ಅವಸರದಿಂದ ಮೇಲೇರಿದರೆ ರಕ್ತದಲ್ಲಿ ಸಾರಜನಕದ ಗುಳ್ಳೆಗಳೆದ್ದು ಪ್ರಾಣಕ್ಕೇ ಅಪಾಯ. ಶಾರ್ಕ್‌ಗಳಷ್ಟೇ ಈ ಗಡಿಯಾರವೂ ಭಯ ಹುಟ್ಟಿಸುತ್ತದೆ ಎಂಬುದೇ ಚಿತ್ರದ ಜಾಣ್ಮೆ.

ಆಗ ‘ಇನ್ ದ ಡೀಪ್’ ಎಂಬ ಹೆಸರಿದ್ದ ಈ ಚಿತ್ರವನ್ನು 2016ರ ಆಗಸ್ಟ್ 2ರಂದು ಡಿವಿಡಿ ಮತ್ತು ಡಿಜಿಟಲ್ ರೂಪದಲ್ಲಿ ಹೊರತರಲು ನಿಶ್ಚಯವಾಗಿ, ಡಿಸ್ಕ್‌ಗಳು ಅಂಗಡಿಗಳಿಗೂ ರವಾನೆಯಾಗಿದ್ದವು. ಅದೇ ಬೇಸಿಗೆಯಲ್ಲಿ ‘ದ ಶಾಲೋಸ್’ ಎಂಬ ಇನ್ನೊಂದು ಶಾರ್ಕ್ ಚಿತ್ರ ಚಿತ್ರಮಂದಿರಗಳಲ್ಲಿ ಗೆದ್ದಿತ್ತು. ಬಿಡುಗಡೆಗೆ ಕೆಲವೇ ದಿನಗಳಿರುವಾಗ ಎಂಟರ್‌ಟೈನ್‌ಮೆಂಟ್ ಸ್ಟುಡಿಯೋಸ್ ಎಂಬ ಸಂಸ್ಥೆ ಹಂಚಿಕೆಯ ಹಕ್ಕುಗಳನ್ನು ಕೊಂಡು, ಡಿಸ್ಕ್‌ಗಳನ್ನು ಹಿಂದಕ್ಕೆ ಕರೆಸಿ, ಹೆಸರು ಬದಲಿಸಿ, 2017ರ ಜೂನ್‌ನಲ್ಲಿ ದೊಡ್ಡ ಪರದೆಗೆ ತಂದಿತು. ಸುಮಾರು 50 ಲಕ್ಷ ಡಾಲರ್ ವೆಚ್ಚದ ಚಿತ್ರ ಅಮೆರಿಕ ಮತ್ತು ಕೆನಡಾದಲ್ಲೇ 4 ಕೋಟಿಗೂ ಹೆಚ್ಚು ಡಾಲರ್ ಗಳಿಸಿತು.

ಒಂದು ವರ್ಷದ ಹಿಂದೆ ಕಪಾಟಿನ ಸರಕಾಗಿದ್ದದ್ದು ಮರುವರ್ಷ ಬೇಸಿಗೆಯ ಅಚ್ಚರಿ ಎನಿಸಿಕೊಂಡಿತು. ಈ ನಡುವೆ ಚಿತ್ರದ ಗುಣವೇನೂ ಹೆಚ್ಚಿರಲಿಲ್ಲ. ಬದಲಾದದ್ದು ಹಂಚಿಕೆಯ ಲೆಕ್ಕಾಚಾರ ಮತ್ತು ಜಾಹೀರಾತಿಗೆ ಹಣ ಸುರಿಯುವ ಧೈರ್ಯ. ವಿಮರ್ಶಕರು ಎಂದಿನಂತೆ ಇಬ್ಭಾಗವಾದರು, ಅದು ಬೇರೆ ಮಾತು. ಮುಂದಿನ ಭಾಗವಂತೂ 2019ರ ಆಗಸ್ಟ್‌ನಲ್ಲಿ ನೇರವಾಗಿ ಚಿತ್ರಮಂದಿರಕ್ಕೇ ಬಂತು. ಹಿಂದಿರುಗಿಸುವಂತೆ ಕರೆ ಬರುವ ಮೊದಲೇ ಕೆಲವು ಅಂಗಡಿಗಳು ಮಾರಿಬಿಟ್ಟಿದ್ದ ‘ಇನ್ ದ ಡೀಪ್’ ಡಿಸ್ಕ್‌ಗಳು ಈಗ ಸಂಗ್ರಾಹಕರು ಹುಡುಕುವ ವಸ್ತುಗಳಾಗಿವೆ.