ಚಿಕ್ಕಪೇಟೆಯ ಸೀರೆ ಫೋನಿಗೆ ಬಂದ ದಾರಿ

ರಾತ್ರಿ ಊಟದ ಹೊತ್ತಿಗೆ ಫೇಸ್‌ಬುಕ್ ತೆರೆದರೆ ಯಾವುದಾದರೂ ಸೀರೆ ಅಂಗಡಿಯ ಲೈವ್ ಸಿಕ್ಕೇ ಸಿಗುತ್ತದೆ. ಅಂಗಡಿಯಾಕೆ ಸೆರಗು ಬಿಡಿಸಿ ಕ್ಯಾಮೆರಾ ಹತ್ತಿರ ಹಿಡಿಯುತ್ತಾರೆ. ಅಂಚಿನ ಮೇಲೆ ಬೆರಳಾಡಿಸುತ್ತಾರೆ. "ಬ್ಲೌಸ್ ಪೀಸ್ ಬರುತ್ತೆ ಅಕ್ಕಾ, ಇಷ್ಟ ಆದ್ರೆ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್ ಮಾಡಿ. ಒಂದೇ ಸೀರೆ ಆದ್ರೂ ಕೊರಿಯರ್ ಮಾಡ್ತೀವಿ!" ಬೆಂಗಳೂರಿನ ಚಿಕ್ಕಪೇಟೆಯ ಎಷ್ಟೋ ಹೋಲ್‌ಸೇಲ್ ಅಂಗಡಿಗಳಲ್ಲಿ ಒಂದೇ ಸೀರೆ ಕೇಳಿದರೆ ಮೊದಲು ಮುಖ ಎತ್ತಿಯೂ ನೋಡುತ್ತಿರಲಿಲ್ಲ.

ಈ ಬದಲಾವಣೆ ದಿನ ಬೆಳಗಾಗುವುದರಲ್ಲಿ ಆದದ್ದಲ್ಲ. 2004ರಲ್ಲಿ ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ ಬಂದಾಗ ಅದು ಗೆಳೆಯರ ಹರಟೆಗಷ್ಟೇ ಇತ್ತು. 2007ರ ಕೊನೆಗೆ ಫೇಸ್‌ಬುಕ್ ಕಂಪನಿಗಳಿಗಾಗಿ ಪೇಜ್ ಶುರುಮಾಡಿತು, 2010ರಲ್ಲಿ ಹೈದರಾಬಾದ್‌ನಲ್ಲಿ ಕಚೇರಿ ತೆರೆಯಿತು. ಆಗ ಇದರ ಹಿಂದೆ ಬಿದ್ದವರು ದೊಡ್ಡ ಬ್ರ್ಯಾಂಡ್‌ಗಳು, ಅವರ ಜಾಹೀರಾತು ಏಜೆನ್ಸಿಗಳು. ಪೇಜಿಗೆ ಎಷ್ಟು ಲೈಕ್ ಬಂತು ಎಂಬುದೇ ದೊಡ್ಡ ಲೆಕ್ಕ. ಸಣ್ಣ ಅಂಗಡಿಗೆ ಇದೆಲ್ಲ ದೂರದ ಮಾತು. ನೆಟ್ ಪ್ಯಾಕ್ ದುಬಾರಿ. ಫೋಟೋ ನೋಡಿ ಗಿರಾಕಿ ಒಪ್ಪಿದರೂ ದುಡ್ಡು ಬರುವುದು ಹೇಗೆ? ಬ್ಯಾಂಕಿಗೆ ಹೋಗಿ, ಚಲನ್ ತುಂಬಿ, ಅದರ ಫೋಟೋ ಕಳಿಸಬೇಕು. ಒಂದು ಸೀರೆಗೆ ಅಷ್ಟೆಲ್ಲ ಯಾರು ಮಾಡುತ್ತಾರೆ?

ನನ್ನ ಪ್ರಕಾರ ಬಾಗಿಲು ತೆರೆದದ್ದು 2016. ಆ ಏಪ್ರಿಲ್‌ನಲ್ಲಿ ಯುಪಿಐ ಬಂತು. ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಗಿ ಡೇಟಾ ಬೆಲೆ ನೆಲಕ್ಕಿಳಿಯಿತು. ನವೆಂಬರ್ 8ರ ನೋಟು ರದ್ದತಿ ಜನರನ್ನು ಫೋನಿನಲ್ಲೇ ದುಡ್ಡು ಕಳಿಸುವ ರೂಢಿಗೆ ತಳ್ಳಿತು. ನೋಡುವುದು, ಚೌಕಾಸಿ ಮಾಡುವುದು, ದುಡ್ಡು ಕೊಡುವುದು ಮೂರೂ ಒಂದೇ ಫೋನಿನಲ್ಲಿ! ಬೆಂಗಳೂರಲ್ಲೇ 2015ರಲ್ಲಿ ಹುಟ್ಟಿದ ಆನ್‌ಲೈನ್ ಮಾರಾಟದ ಕಂಪನಿ ಮೀಶೋ ಈ ದಾರಿ ಹಿಡಿದೇ ಬೆಳೆಯಿತು. ಸೀರೆ, ಕುರ್ತಿಯ ಫೋಟೋಗಳನ್ನು ನೆಂಟರಿಷ್ಟರ ಗುಂಪಿಗೆ ಕಳಿಸಿ, ಬೆಲೆಯ ಮೇಲೆ ತಮ್ಮ ಲಾಭ ಇಟ್ಟು ಮಾರಿದವರಲ್ಲಿ ಮನೆಯಲ್ಲಿದ್ದ ಹೆಂಗಸರೇ ಜಾಸ್ತಿ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಸಂಗತಿ ಇದು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಮದುವೆ ಸೀಸನ್‌ಗೆ ತಂದಿಟ್ಟ ಮಾಲು ಕಪಾಟಿನಲ್ಲೇ ಉಳಿಯಿತು. ಫೋನ್ ಎಂದರೆ ದೂರ ಇದ್ದ ಅಂಗಡಿಯವರೂ ಆಗ ಟ್ರೈಪಾಡ್ ತಂದರು. ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧವಾಯಿತು, ಹತ್ತು ದಿನದೊಳಗೆ ಇನ್‌ಸ್ಟಾಗ್ರಾಮ್ ಇಲ್ಲಿ ರೀಲ್ಸ್ ಬಿಟ್ಟಿತು. ಅಂಗಡಿ ಅಂಗಡಿ ಸುತ್ತಿ ಕನ್ನಡದಲ್ಲಿ ವಿಡಿಯೋ ಮಾಡುವವರಿಗೂ ಬೇಡಿಕೆ ಬಂತು. ದುಡ್ಡು ಪಡೆದು ಹೊಗಳಿದರೆ ಅದು ಜಾಹೀರಾತು ಎಂದು ಹೇಳಲೇಬೇಕು ಎಂಬ ನಿಯಮವನ್ನು ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಮಂಡಳಿ ಎಎಸ್‌ಸಿಐ 2021ರಲ್ಲಿ ತಂದಿತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವೂ ಮಾರ್ಗಸೂಚಿ ಹೊರಡಿಸಿತು. ಕಾಣದ ಅಂಗಡಿಗೆ ಮೊದಲೇ ದುಡ್ಡು ಹಾಕುವ ಗಿರಾಕಿಗೆ ಇಷ್ಟಾದರೂ ಬೇಕಲ್ವಾ?

ನಂಬಿಕೆಯ ಪ್ರಶ್ನೆ ಎರಡೂ ಕಡೆ ಇದೆ. "ಓಪನಿಂಗ್ ವಿಡಿಯೋ ಕಡ್ಡಾಯ" ಎಂದು ಎಷ್ಟೋ ಪೇಜ್‌ಗಳು ಬರೆದಿರುತ್ತವೆ. ಪಾರ್ಸಲ್ ಬಿಚ್ಚುವಾಗ ವಿಡಿಯೋ ಮಾಡದಿದ್ದರೆ, ಸೀರೆ ಹರಿದಿತ್ತು ಎಂದರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಪುಕ್ಕಟೆ ಜನ ಸೇರುವ ಕಾಲ ಮಾತ್ರ ಹೋಯಿತು. ಪೇಜ್‌ಗಳಿಗಿಂತ ಗೆಳೆಯರ, ಮನೆಯವರ ಪೋಸ್ಟ್ ಮೊದಲು ತೋರಿಸುತ್ತೇವೆ ಎಂದು ಫೇಸ್‌ಬುಕ್ 2018ರ ಜನವರಿಯಲ್ಲೇ ಹೇಳಿತ್ತು. ಈಗ ದುಡ್ಡು ಹಾಕಿ ಬೂಸ್ಟ್ ಮಾಡದಿದ್ದರೆ ಎಷ್ಟೋ ಪೋಸ್ಟ್‌ಗಳು ತಮ್ಮದೇ ಫಾಲೋವರ್‌ಗಳಿಗೂ ಕಾಣುವುದಿಲ್ಲ. ವರ್ಷಗಟ್ಟಲೆ ಸೇರಿಸಿದ ಗಿರಾಕಿಗಳನ್ನು ತಲುಪಲು ಮತ್ತೆ ಬಾಡಿಗೆ ಕಟ್ಟಿದ ಹಾಗೆ. ಇದು ನನಗೆ ಅನ್ಯಾಯ ಅನಿಸುತ್ತದೆ.

ಅದೇ 2018ರ ಜನವರಿಯಲ್ಲಿ, ಸಣ್ಣ ವ್ಯಾಪಾರಿಗಳಿಗೆಂದೇ ಮಾಡಿದ ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್ ಕೂಡ ಬಂದಿತ್ತು. ಜಾಣ ಅಂಗಡಿಯವರು ಗಿರಾಕಿಗಳನ್ನು ಮೆಲ್ಲಗೆ ಅಲ್ಲಿಗೆ ಕರೆದೊಯ್ದರು. ಒಂದೇ ಮೆಸೇಜನ್ನು ಎಲ್ಲರಿಗೂ ಒಟ್ಟಿಗೆ ಕಳಿಸುವ ಅದರ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನಕ್ಕಷ್ಟೇ ಜಾಗ. ಅದರಲ್ಲೂ ಅಂಗಡಿಯ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ಅದಕ್ಕೇ ಲೈವ್ ಮುಗಿಸುವ ಮುಂಚೆ, ಕೊನೆಯ ಸೀರೆ ಮಡಚುತ್ತಾ ಅಂಗಡಿಯಾಕೆ ಹೇಳುವುದು: "ನಂಬರ್ ಸೇವ್ ಮಾಡ್ಕೊಳ್ಳಿ ಅಕ್ಕಾ, ಮರೀಬೇಡಿ."