ಪುಸ್ತಕ ಬದಲಾದರೆ ಮಗು ಯಾಕೆ ಓದುವುದಿಲ್ಲ?

ಪ್ರಶ್ನೆ: ಮಗಳಿಗೆ ಆರು ವರ್ಷ. ತನ್ನ ಪಾಠಪುಸ್ತಕವನ್ನು ಗಡಗಡ ಓದುತ್ತಾಳೆ. ಅವೇ ಪದಗಳಿರುವ ಬೇರೆ ಪುಸ್ತಕ ಕೊಟ್ಟರೆ ಚಿತ್ರ ನೋಡಿ ಏನೋ ಒಂದು ಹೇಳಿಬಿಡುತ್ತಾಳೆ. ಏನು ಮಾಡಲಿ?

ಉತ್ತರ: ಅವಳು ಬಾಯಿಪಾಠ ಒಪ್ಪಿಸುತ್ತಿರುವ ಹಾಗೆ ಕಾಣುತ್ತದೆ. ಚಿತ್ರವನ್ನು ಕೈಯಿಂದ ಮುಚ್ಚಿ, ಸಾಲಿನ ನಡುವಿನ ಒಂದು ಪದಕ್ಕೆ ಬೆರಳಿಟ್ಟು ಕೇಳಿ ನೋಡಿ. ಸಾಲನ್ನು ಮೊದಲಿನಿಂದ ಹೇಳಿಕೊಂಡು ಬಂದರೆ ಅನುಮಾನ ನಿಜ. ಗಾಬರಿ ಬೇಡ, ಈ ವಯಸ್ಸಿನಲ್ಲಿ ಇದು ಸಾಮಾನ್ಯ. ಆದರೆ ‘ಚಿತ್ರ ನೋಡಿ ಊಹಿಸು’ ಎಂದು ನೀವಾಗಿ ಹೇಳಿಕೊಡಬೇಡಿ. ಚಿತ್ರವಿಲ್ಲದ ಪುಟ ಬಂದಾಗ ಆ ಉಪಾಯ ಕೈಕೊಡುತ್ತದೆ.

ಕನ್ನಡದಲ್ಲಿ ಮಕ್ಕಳು ಎಡವುವುದು ಹೆಚ್ಚಾಗಿ ಗುಣಿತಾಕ್ಷರದಲ್ಲಿ. ಕಾಗುಣಿತವನ್ನು ರಾಗವಾಗಿ ಹೇಳಿಸಿದರೆ ಅದೂ ಇನ್ನೊಂದು ಬಾಯಿಪಾಠವಾದೀತು. ಒಂದು ಸಲಕ್ಕೆ ಒಂದೇ ಚಿಹ್ನೆ ಹಿಡಿಯಿರಿ. ಗುಡಿಸು ಕಲಿಸುವಾಗ ಕರಿ, ಕಿರಿ, ಗರಿ, ಗಿರಿ ಎಂದು ಬರೆದು, ಸಾಲು ಕಲೆಸಿ ಓದಿಸಿ. ಗುಡಿಸು ಎಲ್ಲಿದೆ ಎಂದು ನೋಡದೆ ಇವನ್ನು ಓದಲಾಗದು, ಊಹೆಗೆ ಜಾಗವೇ ಇಲ್ಲ. ಇದು ಸಲೀಸಾದ ಮೇಲೆ ಕೊಂಬು, ಆಮೇಲೆ ಏತ್ವ. ವ–ಮ, ನ–ಸ, ಬ–ಭದಂಥ ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ದಿನ ಕಲಿಸಬೇಡಿ.

ಒತ್ತಕ್ಷರಕ್ಕೆ ಅವಸರ ಬೇಡ. ‘ಹಗ್ಗ’ದ ಒತ್ತು ಗ ಅಕ್ಷರವನ್ನೇ ಹೋಲುತ್ತದೆ, ಅಲ್ಲಿಂದ ಶುರುಮಾಡಿ. ‘ಅಮ್ಮ’, ‘ಅನ್ನ’ಗಳ ಒತ್ತಿಗೂ ಮೂಲ ಅಕ್ಷರಕ್ಕೂ ರೂಪದಲ್ಲಿ ಸಂಬಂಧವೇ ಕಾಣದು. ನಾವೋ ಅವನ್ನೇ ಮೊದಲು ಕಲಿಸುತ್ತೇವೆ! ‘ಸೂರ್ಯ’ದ ಅರ್ಕಾವೊತ್ತು ಕೊನೆಗಿರಲಿ. ಅದನ್ನು ಬರೆಯುವುದು ಯ ಆದಮೇಲೆ, ಉಚ್ಚರಿಸುವುದು ಯ ಗಿಂತ ಮೊದಲು. ದೊಡ್ಡವರಿಗೆ ಅಭ್ಯಾಸವಾಗಿ ಹೋಗಿದೆ, ಮಗುವಿಗೆ ಅದು ಒಗಟು.

ಕಥೆ ಓದಿ ಹೇಳುವುದನ್ನು ಮಾತ್ರ ಬಿಡಬೇಡಿ. ಓದಿನ ಬಗ್ಗೆ ಸಂಶೋಧನೆ ಮಾಡಿದ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದನ್ನು ಒಂದು ಗುಣಾಕಾರವಾಗಿ ವಿವರಿಸಿದರು: ಅಕ್ಷರ ಬಿಡಿಸುವ ಸಾಮರ್ಥ್ಯ ಒಂದು ಕಡೆ, ಕೇಳಿದ ಭಾಷೆ ಅರ್ಥವಾಗುವುದು ಇನ್ನೊಂದು ಕಡೆ. ಯಾವುದೊಂದು ಸೊನ್ನೆಯಾದರೂ ಗುಣಲಬ್ಧ ಸೊನ್ನೆ. ಅಕ್ಷರ ಇನ್ನೂ ಕೈಗೂಡದ ದಿನಗಳಲ್ಲಿ ಈ ಎರಡನೆಯದು ಬೆಳೆಯುವುದು ನೀವು ಓದಿ ಹೇಳುವ ಕಥೆಗಳಿಂದ, ಅವುಗಳ ಬಗ್ಗೆ ಆಡುವ ಮಾತಿನಿಂದ.

ಅವಳೇ ಓದುವಾಗ ತಡವರಿಸಿದರೆ ತಕ್ಷಣ ಪದ ಹೇಳಿಬಿಡಬೇಡಿ, ಸ್ವಲ್ಪ ಕಾಯಿರಿ. ಆಗಲೂ ಬಾರದಿದ್ದರೆ ಪದದ ಉಳಿದ ಭಾಗ ಮುಚ್ಚಿ ಒಂದೊಂದೇ ಅಕ್ಷರ ತೋರಿಸಿ, ಕೂಡಿಸಿ ಹೇಳಿಸಿ. ಆಮೇಲೆ ಅದೇ ವಾಕ್ಯವನ್ನು ಮೊದಲಿನಿಂದ ಒಮ್ಮೆ ಓದಿಸಿ, ಇಲ್ಲದಿದ್ದರೆ ಬಿಡಿಸುವ ಗಡಿಬಿಡಿಯಲ್ಲಿ ಅರ್ಥ ತಪ್ಪಿಹೋಗಿರುತ್ತದೆ.